ಎದುರಂಗಡಿಯ ಹೊಸ ಬ್ರೌಸರ್

ಚಿತ್ತಾಪುರದ ತಹಸೀಲ್ ಕಚೇರಿಯ ಹತ್ತಿರ ನನ್ನದೊಂದು ಆನ್‌ಲೈನ್ ಅರ್ಜಿಗಳ ಅಂಗಡಿ. ಪಹಣಿ, ಜಾತಿ ಪ್ರಮಾಣಪತ್ರ, ಪಿಂಚಣಿ, ದಿನವಿಡೀ ಇದೇ ಕೆಲಸ. ನನ್ನ ಬಳಿಯೇ ಕಂಪ್ಯೂಟರ್ ಕಲಿತ ಹೆಣ್ಣುಮಗಳೊಬ್ಬಳು ಹೋದ ವರ್ಷ ರಸ್ತೆಯ ಆಚೆ ತನ್ನದೇ ಅಂಗಡಿ ಹಾಕಿದಳು. ಪೂಜೆಯ ದಿನ ತೆಂಗಿನಕಾಯಿ ಒಡೆದದ್ದು ನಾನೇ. ಆಗ ನನಗೆ ಹೊಟ್ಟೆಕಿಚ್ಚು ಇರಲಿಲ್ಲ. ಟೈಪಿಂಗಿನಲ್ಲಿ ಅವಳು ನನ್ನ ಅರ್ಧದಷ್ಟು ವೇಗದವಳು, ಇವಳಿಂದ ನನಗೇನಾಗಬೇಕು ಎಂದುಕೊಂಡಿದ್ದೆ.

ಕಿಚ್ಚು ಹತ್ತಿದ್ದು ಭಂಕೂರಿನ ಒಬ್ಬ ಅಜ್ಜನಿಂದ. ನೆಲಕ್ಕೆ ಹಾಸುವ ಫರಸಿ ಕಲ್ಲು ಒಡೆದೇ ಮುದುಕನಾದವನು, ಓದಲು ಬಾರದು. ಎಷ್ಟೋ ವರ್ಷಗಳಿಂದ ನನ್ನ ಗಿರಾಕಿ. ಪಿಂಚಣಿ ಅರ್ಜಿ ಎಲ್ಲಿಗೆ ಬಂತೆಂದು ಕೇಳಲು ಬಂದರೆ ಅವನಿಗೆ ನಾನು ಹೇಳಿದ್ದೇ ಸರಕಾರದ ಮಾತು. ಒಂದು ದಿನ ಅವನು ನನ್ನ ಬಾಗಿಲ ಮುಂದೆಯೇ ಹಾದು, ನನಗೆ ನಮಸ್ಕಾರವನ್ನೂ ಮಾಡಿ, ಆಚೆಯ ಅಂಗಡಿಯಲ್ಲಿ ಹೋಗಿ ಕೂತ. ನನಗೆ ತಡೆಯಲಾಗಲಿಲ್ಲ. ಸ್ಟೇಪ್ಲರ್ ಪಿನ್ನು ಕೇಳುವ ನೆಪ ಮಾಡಿಕೊಂಡು ನಾನೂ ಹೋದೆ.

ಅಜ್ಜ ಕಂಪ್ಯೂಟರಿನ ಕಡೆ ಕಿವಿ ಕೊಟ್ಟು ಕೂತಿದ್ದ. ಪರದೆಯ ಮೇಲಿನ ಇಂಗ್ಲಿಷ್ ಪುಟ ಕನ್ನಡವಾಗಿ, ಒಂದು ಹೆಣ್ಣುದನಿ ಅದನ್ನು ನಿಧಾನವಾಗಿ ಓದುತ್ತಿತ್ತು. ಅವನ ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆಯಾಗಿಲ್ಲ, ಅದಕ್ಕೇ ಪಿಂಚಣಿ ಅರ್ಜಿ ನಿಂತಿದೆ ಎಂದು.

"ಕೇಳಿದ್ರಿ ಸಾಹೇಬ್ರ? ನನಗ ತಾನೇ ಹೇಳ್ಲಿಕತ್ತದ!" ಎಂದ ಅಜ್ಜ. "ನೀವು ಬರೀ 'ಆಗ್ತದ, ಹೋಗು' ಅಂತಿದ್ರಿ."

ಅವನು ಕುಹಕವಾಡಲಿಲ್ಲ, ಇದ್ದದ್ದನ್ನು ಹೇಳಿದ. ಅದಕ್ಕೇ ನನಗೆ ಹೆಚ್ಚು ಚುಚ್ಚಿತು.

"ಹೊಸಾ ಬ್ರೌಸರ್ ರಿ ಸರ್," ಎಂದಳು ಅಂಗಡಿಯವಳು ಉತ್ಸಾಹದಿಂದ. "ಯಾವ ಪುಟ ಇದ್ರೂ ಕನ್ನಡದಾಗ ಓದ್ತದ. ಜಾಹೀರಾತು ನಡುವ ಬರಂಗಿಲ್ಲ. ಒಮ್ಮೆ ತುಂಬಿದ್ದು ನೆನಪಿಟ್ಟು ಮುಂದ ತಾನೇ ತುಂಬ್ತದ. ಇನ್ನ ಮ್ಯಾಲ ಬಾಯಿಲೆ ಹೇಳಿದ್ರ ಸಾಕು, ಅರ್ಜಿ ತಯಾರ ಆಗ್ತದಂತ."

"ಹಂಗಾದ್ರ ನಮ್ಮ ಅಂಗಡಿ ಯಾಕ ಬೇಕವ್ವ?" ಎಂದೆ.

"ಧೈರ್ಯಕ್ಕ ಯಾರರ ಬೇಕಲ್ರಿ," ಎಂದು ನಕ್ಕಳು.

ಪಿನ್ನು ತೆಗೆದುಕೊಳ್ಳುವುದನ್ನೂ ಮರೆತು ಬಂದೆ. ಮರುದಿನ ಊಟದ ಹೊತ್ತಿಗೆ ಶಟರ್ ಅರ್ಧ ಎಳೆದು, ಕಳ್ಳನ ಹಾಗೆ ಅದೇ ಬ್ರೌಸರ್ ಹಾಕಿಕೊಂಡೆ. ಕೆಟ್ಟದಾಗಿರಲಿ ಎಂದು ಬಯಸಿದ್ದೆ. ಅದು ನಿಜಕ್ಕೂ ಚೆನ್ನಾಗಿತ್ತು. ಆದರೆ ಬಾಕಿಯಿದ್ದ ಅರ್ಜಿಗಳಲ್ಲಿ ಎರಡನೆಯದನ್ನು ತುಂಬುವಾಗ ಒಂದು ದೋಷ ಕಣ್ಣಿಗೆ ಬಿತ್ತು. ಹಿಂದಿನ ಗಿರಾಕಿಯ ತಂದೆಯ ಹೆಸರು ಈ ಗಿರಾಕಿಯ ಅರ್ಜಿಯಲ್ಲಿ ತಾನಾಗಿ ಬಂದು ಕೂತಿತ್ತು. ನೆನಪಿಟ್ಟುಕೊಳ್ಳುವ ಆ ಸೌಲಭ್ಯವನ್ನು ಬಂದ್ ಮಾಡಿದರೆ ಸರಿಹೋಗುತ್ತಿತ್ತು. ನಾನು ಬಂದ್ ಮಾಡಿಕೊಂಡೆ. ರಸ್ತೆ ದಾಟಿ ಅವಳಿಗೆ ಹೇಳಲಿಲ್ಲ. ಅವಳೂ ಒಮ್ಮೆ ಎಡವಲಿ ಅನ್ನಿಸಿತು.

ನಾಲ್ಕು ದಿನದ ಮೇಲೆ ಚಿಮ್ಮನಚೋಡದಿಂದ ಇಲ್ಲಿಗೆ ಸೊಸೆಯಾಗಿ ಬಂದ ಹೆಂಗಸೊಬ್ಬಳು ಒಂದು ಪ್ರಿಂಟ್ ಹಿಡಿದುಕೊಂಡು ನನ್ನ ಅಂಗಡಿಗೆ ಬಂದಳು. ಮಗಳ ಹಾಸ್ಟೆಲ್ ಅರ್ಜಿ, ಎದುರಂಗಡಿಯಲ್ಲಿ ತುಂಬಿಸಿದ್ದು.

"ನೋಡ್ರಿ ಸಾಹೇಬ್ರ, ನನ್ನ ಮಗಳಿಗಿ ಯಾರ್ದೋ ಹೆಸರು ಅಪ್ಪ ಅಂತ ಬಂದದ. ಕಚೇರ್ಯಾಗ ಮಂದಿ ನಗ್ಲಿಕತ್ತಾರ. ಇವತ್ತೇ ಕಡೀ ದಿನ," ಎಂದು ಅತ್ತಳು.

ಬರೆಯಲು ನಾಚಿಕೆಯಾಗುತ್ತದೆ, ಮೊದಲು ನನಗಾದದ್ದು ಖುಷಿ. ಆಮೇಲೆ ಆ ತಾಯಿಯ ಮುಖ ನೋಡಿದೆ. ಎದ್ದು ಆಕೆಯನ್ನು ಕರೆದುಕೊಂಡು ರಸ್ತೆ ದಾಟಿ, ಪ್ರಿಂಟನ್ನು ಎದುರಂಗಡಿಯವಳ ಮುಂದಿಟ್ಟೆ.

"ಈ ತಪ್ಪು ಆಗ್ತದಂತ ನನಗ ಮೊದಲೇ ಗೊತ್ತಿತ್ತವ್ವ," ಎಂದೆ.

ಅವಳು ಕೀಬೋರ್ಡಿನಿಂದ ಕೈ ತೆಗೆದಳು. "ಗೊತ್ತಿದ್ದೂ ಹೇಳ್ಲಿಲ್ರಿ? ಯಾಕ್ರಿ ಸರ್?"

"ಹೊಟ್ಟಿಕಿಚ್ಚು."

ಅವಳು ಕುರ್ಚಿ ಎಳೆದು, "ಕುಂದ್ರಿ. ಮೊದಲ ಈ ಅಕ್ಕಂದು ಸರಿ ಮಾಡಮು," ಎಂದಳು.

ಇಬ್ಬರೂ ಕೂತು ತಿದ್ದಿದೆವು. ಕಚೇರಿ ಮುಚ್ಚುವ ಮೊದಲೇ ಅರ್ಜಿ ಹೋಯಿತು. ಹುಡುಗಿಗೆ ಹಾಸ್ಟೆಲ್ಲಿನಲ್ಲಿ ಜಾಗವೂ ಸಿಕ್ಕಿತು. ಬ್ರೌಸರ್ ಹಾಕಿದಾಗಿನಿಂದ ಬಂದ ಗಿರಾಕಿಗಳಿಗೆಲ್ಲ ಅವಳು ಅವತ್ತೇ ಒಬ್ಬೊಬ್ಬರಿಗೆ ಫೋನ್ ಮಾಡಿದಳು. "ತಪ್ಪು ನಂದೇ ಅದರಿ, ಅರ್ಜಿ ತಂದು ತೋರಿಸ್ರಿ," ಎನ್ನುತ್ತಿದ್ದಳು. ನನ್ನ ಹೆಸರು ಒಮ್ಮೆಯೂ ಎತ್ತಲಿಲ್ಲ. ಮಂದಿ ಅವಳನ್ನು ಬಿಟ್ಟು ನನ್ನ ಕಡೆ ಬರುತ್ತಾರೆಂದು ನಾನು ಎಣಿಸಿದ್ದೆ. ಆ ಫೋನುಗಳಾದ ಮೇಲೆ ಅವಳ ಮೇಲಿನ ಅವರ ನಂಬಿಕೆ ಇನ್ನೂ ಹೆಚ್ಚಾಯಿತು.

ಮೊನ್ನೆ, ಬಾಯಲ್ಲಿ ಹೇಳಿ ಅರ್ಜಿ ತುಂಬಿಸುವ ಹೊಸ ಆವೃತ್ತಿ ಬಂತು. ಅವಳೇ ಬಂದು ನನ್ನ ಕಂಪ್ಯೂಟರಿಗೂ ಹಾಕಿಕೊಟ್ಟಳು. ಚಹಾ ತರಿಸುತ್ತೇನೆಂದೆ. "ಗಿರಾಕಿ ಕುಂತಾರ್ರಿ ಸರ್," ಎಂದು ಹೊರಟುಹೋದಳು. ಅವಳ ಅಂಗಡಿ ತುಂಬಿತ್ತು. ಅದನ್ನು ನೋಡಿ ಸಂಕಟವಾಗಲಿಲ್ಲ ಎಂದರೆ ಸುಳ್ಳಾದೀತು. ಆದರೆ ತನಗೆ ಕೆಡುಕು ಬಯಸಿದವನಿಗೂ ಅಷ್ಟು ಸಹಜವಾಗಿ ಕೆಲಸ ಮಾಡಿಕೊಟ್ಟು ಹೋಗುವ ಅವಳ ಮನಸ್ಸು ನನಗಿಲ್ಲವಲ್ಲ ಎಂಬ ಕಿಚ್ಚು ಅದಕ್ಕಿಂತ ದೊಡ್ಡದಾಗಿತ್ತು.