ಖಾಲಿ ಹಾಸ್ಟೆಲಿನ ಕೇಪಳ

ಬೇವೂರಿನ ಆಚೆ, ಕೈ ಮಾಡಿದರೆ ಮಾತ್ರ ಬಸ್ಸು ನಿಲ್ಲುವ ಒಂದು ಊರಿನ ಹೆಣ್ಣುಮಕ್ಕಳ ಹಾಸ್ಟೆಲಿನಲ್ಲಿ ಕಸ್ತೂರಿ ಹದಿನೆಂಟು ವರ್ಷ ಅಡುಗೆ ಮಾಡಿದಳು. ಗಂಡ ಬಿಟ್ಟುಹೋದ ಮೇಲೆ ಹಿಡಿದ ಕೆಲಸ ಅದು. ಅಡುಗೆಮನೆಗೆ ಹತ್ತಿದ ಖೋಲಿಯೇ ಅವಳ ಮನೆ. ಹೋದ ಬೇಸಿಗೆಯಲ್ಲಿ, ಮಕ್ಕಳು ಕಡಿಮೆಯಾದರೆಂದು ಹಾಸ್ಟೆಲು ಮುಚ್ಚಿ, ಉಳಿದ ಹುಡುಗಿಯರನ್ನು ಬಾಗಲಕೋಟೆಗೆ ಕಳಿಸಿದರು. ಬೇರೆ ಆದೇಶ ಬರುವವರೆಗೆ ಕಟ್ಟಡ ನೋಡಿಕೊಂಡಿರು ಎಂದು ಅವಳಿಗೆ ಹೇಳಿದರು.

ಮೊದಲ ವಾರ ಅವಳು ಮೂರು ಸಲ ಅನ್ನ ಹೆಚ್ಚಾಗಿ ಮಾಡಿ ನಾಯಿಗೆ ಹಾಕಿದಳು. ಒಬ್ಬಳಿಗೆ ಎಷ್ಟು ಅಕ್ಕಿ ಬೇಕೆಂಬುದು ಅವಳ ಕೈಗೇ ಗೊತ್ತಿರಲಿಲ್ಲ. ಒಂದು ದಿನ ಅಂಗಡಿಗೆ ಹೋಗಿ ಉಪ್ಪು ಕೇಳಲು ಬಾಯಿ ತೆರೆದರೆ ದನಿಯೇ ಹೊರಡಲಿಲ್ಲ. ನಾಲ್ಕು ದಿನದಿಂದ ಯಾರೊಡನೆಯೂ ಮಾತಾಡಿರಲಿಲ್ಲ.

ಕಿಟಕಿಯ ಕೆಳಗಿನ ಕೇಪಳದ ಗಿಡ ಕಣ್ಣಿಗೆ ಬಿದ್ದದ್ದು ಆಗಲೇ. ಮಂಗಳೂರು ಕಡೆಯ ವಾರ್ಡನ್ ಒಬ್ಬರು ಅದನ್ನು ತಂದು ನೆಟ್ಟು, ವರ್ಗವಾಗಿ ಹೋಗಿದ್ದರು. ವರ್ಷವಿಡೀ ಹಸಿರಾಗಿರುತ್ತದೆ, ಕೆಂಪು ಗೊಂಚಲು ಬಿಡುತ್ತದೆ ಎಂದಿದ್ದರು. ಈಗ ಎಲೆಗಳು ಹಳದಿಗಟ್ಟಿ ನರಗಳಷ್ಟೇ ಹಸಿರಾಗಿದ್ದವು. ಕಸ್ತೂರಿ ನೀರು ಹಾಕಿದಳು. ಇನ್ನಷ್ಟು ಹಳದಿಯಾಯಿತು.

ನಾಲ್ಕು ಎಲೆ ಕಿತ್ತು ಸೆರಗಿನಲ್ಲಿ ಕಟ್ಟಿಕೊಂಡು ಅಮೀನಗಡದ ಬಸ್ಸು ಹತ್ತಿದಳು. ಅಲ್ಲಿ ರಸ್ತೆಯ ಪಕ್ಕ ಸಸಿ ಮಾರುವ ಅಹ್ಮದಸಾಬ ಎಲೆಯನ್ನು ಬೆಳಕಿಗೆ ಹಿಡಿದು, ಗಿಡ ಎಲ್ಲಿದೆ, ಯಾವ ನೀರು ಹಾಕುತ್ತೀರಿ ಎಂದು ವಿಚಾರಿಸಿದ.

“ನೀರು ಕಡಿಮಿ ಆಗಿಲ್ರಿ ಅಕ್ಕಾರ. ನಿಮ್ಮ ಬೋರಿನ ನೀರಾಗ ಸುಣ್ಣ ಭಾಳ ಐತಿ. ಗ್ವಾಡಿ ಸಿಮೆಂಟಿಂದೂ ಇಳೀತೈತಿ. ಈ ಗಿಡಕ್ಕ ಅದು ಆಗಿಬರೂದಿಲ್ಲ. ಮಳಿನೀರು ಹಿಡದು ಹಾಕ್ರಿ.”

ಬೇರು ತಾಕದಂತೆ ಮೇಲಿನ ಮಣ್ಣು ತೆಗೆದು ಕೆಂಪು ಮಣ್ಣು, ಹಳೆಯ ತಿಪ್ಪೆಗೊಬ್ಬರ ತುಂಬಿ, ಒಣ ಎಲೆ ಹೊದಿಸಬೇಕೆಂದೂ ಬುಡದಲ್ಲಿ ನೀರು ನಿಲ್ಲಬಾರದೆಂದೂ ಹೇಳಿ ಕಳಿಸಿದ.

ಕಸ್ತೂರಿ ಹಾಗೆಯೇ ಮಣ್ಣು ಬದಲಿಸಿದಳು. ಮೊದಲ ದೊಡ್ಡ ಮಳೆಗೆ ಅರವತ್ತು ಮಕ್ಕಳ ಅನ್ನದ ಪಾತ್ರೆಗಳನ್ನು ಎಳೆದು ತಂದು ಮಾಳಿಗೆಯ ನೀರು ಬೀಳುವಲ್ಲಿ ಸಾಲಾಗಿ ಇಟ್ಟಳು. ತುಂಬಿದ ಮೇಲೆ ಮುಚ್ಚಿಟ್ಟು, ಮಣ್ಣು ಒಣಗಿದಾಗಲೊಮ್ಮೆ ಅರ್ಧ ಕೊಡ ಹಾಕಿದಳು. ಶ್ರಾವಣಕ್ಕೆ ಚಿಗುರು ಹಸಿರಾಗಿಯೇ ಬಂತು. ಮುಂದೆ ಎಂಟು ಗೊಂಚಲು ಹೂ ಬಿಟ್ಟವು. ಕರೆದು ತೋರಿಸಲು ಯಾರೂ ಇರಲಿಲ್ಲ. ಫೋಟೊ ತೆಗೆದು ವಾರ್ಡನ್ನರ ಹಳೆಯ ನಂಬರಿಗೆ ಕಳಿಸಿದಳು. ನಂಬರು ಈಗ ಬೇರೆ ಯಾರದೋ ಆಗಿತ್ತು; ನೀವು ಯಾರು ಎಂದು ಉತ್ತರ ಬಂತು. ಹೂಗಳು ಗಿಡದಲ್ಲೇ ಒಣಗಿದವು.

ಒಣಗಿದ ತುದಿ ಸವರಿ ತೆಗೆಯುವಾಗ, ಹೂವಿಲ್ಲದ, ಪೆನ್ಸಿಲಿನಷ್ಟು ದಪ್ಪದ ಐದು ಕಡ್ಡಿಗಳನ್ನು ಗೇಣುದ್ದ ಕತ್ತರಿಸಿಕೊಂಡಳು. ಕೆಳಗಿನ ಎಲೆ ತೆಗೆದು, ಬಕೆಟ್ಟಿನ ಒದ್ದೆ ಮರಳಿನಲ್ಲಿ ಚುಚ್ಚಿ, ಮೇಲೆ ಪ್ಲಾಸ್ಟಿಕ್ ಚೀಲ ಕವುಚಿದಳು. ಬೇರು ಬಿಡಲು ಒಂದೂವರೆ ತಿಂಗಳಾದರೂ ಬೇಕು. ಇಪ್ಪತ್ತನೆಯ ದಿನವೇ ಆದೇಶ ಬಂತು. ಬಾಗಲಕೋಟೆಯ ನವನಗರದ ಹಾಸ್ಟೆಲಿಗೆ ಹಾಜರಾಗಬೇಕಿತ್ತು.

ಅಷ್ಟು ತಿಂಗಳಿಂದ ಅದೇ ಕಾಗದದ ಹಾದಿ ಕಾದವಳು ಆಫೀಸಿಗೆ ಫೋನು ಮಾಡಿ, ಇನ್ನೊಂದು ತಿಂಗಳು ಇಲ್ಲೇ ಇರಬಹುದೇ ಎಂದು ಕೇಳಿದಳು.

“ಅಲ್ಲೇನ್ ಕೆಲಸ ಐತ್ರಿ ನಿಮಗ?” ಎಂದ ಗುಮಾಸ್ತ.

ಏನೂ ಇಲ್ಲ ಎಂದು ಹೇಳಿ ಫೋನು ಇಟ್ಟಳು. ಮರುದಿನ ಬಕೆಟ್ಟನ್ನು ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಹೋದಳು. ದಾರಿಯ ಕುಲುಕಾಟಕ್ಕೋ ಏನೋ, ಮೂರು ಕಡ್ಡಿ ಕಪ್ಪಾದವು. ಉಳಿದೆರಡು ಬೇರು ಬಿಟ್ಟವು.

ನವನಗರದಲ್ಲಿ ಇನ್ನೂರು ಹುಡುಗಿಯರು, ನಾಲ್ವರು ಅಡುಗೆಯವರು. ಹಳೆಯ ಹುಡುಗಿಯರು ಕಂಡಾಗ ನಗುತ್ತಿದ್ದರು, ಹೊಸ ಗೆಳತಿಯರ ಜೊತೆ ಮುಂದೆ ಹೋಗುತ್ತಿದ್ದರು. ಕಸ್ತೂರಿ ಸಸಿಗಳನ್ನು ಗೋಡೆಯಿಂದ ದೂರ, ಬೆಳಗಿನ ಬಿಸಿಲು ಬೀಳುವಲ್ಲಿ ನೆಟ್ಟಳು.

ಒಂದು ಸಂಜೆ ಅವಳು ಮೊದಲ ಸಸಿಗೆ ನೀರು ಹಾಕಿ ಕೊಡ ಇಳಿಸುವಾಗ ಗುರುತಿಲ್ಲದ ಹುಡುಗಿಯೊಬ್ಬಳು ನಿಂತು, “ಇದು ಯಾವ ಗಿಡಾರೀ ಅಕ್ಕಾ?” ಎಂದಳು.

ಕಸ್ತೂರಿ ಗಿಡದ ಹೆಸರು ಹೇಳಿದಳು. ಮಣ್ಣು ಹೇಳಿದಳು, ಸುಣ್ಣ, ಮಳೆನೀರು, ಕಡ್ಡಿ ಕತ್ತರಿಸುವ ಬಗೆ ಹೇಳಿದಳು. ಒಂದು ವರ್ಷದಲ್ಲಿ ಒಟ್ಟಿಗೆ ಅಷ್ಟು ಮಾತಾಡಿರಲಿಲ್ಲ. ಹುಡುಗಿ ಎಲೆ ಸವರುತ್ತ ಕೇಳಿದಳು. ಅಷ್ಟರಲ್ಲಿ ಪ್ರಾರ್ಥನೆಯ ಗಂಟೆ ಹೊಡೆಯಿತು.

“ಬರ್ತೇನ್ರಿ ಅಕ್ಕಾ” ಎಂದು ಓಡಿದಳು.

ಹುಡುಗಿಯ ಹೆಸರು ಕೇಳುವುದು ಉಳಿದುಹೋಯಿತು. ಕಸ್ತೂರಿ ಕೊಡ ಎತ್ತಿ ಎರಡನೆಯ ಸಸಿಗೆ ನೀರು ಹಾಕಿದಳು.