ಕೋಣೆಯೊಳಗೆ ಕೂತ ಮೇಡಂ

ಅತ್ತೆ ಸೊಸೇನ ವಹಿಸ್ಕೊಂಡು ಮಾತಾಡ್ತಾಳಾ ಅಂತ ಮೂಗಿನ ಮೇಲೆ ಬೆರಳಿಡಬೇಡಿ. ಅವಳು ತಪ್ಪು ಮಾಡಿದ್ರೆ ಮೊದಲು ಬೈಯೋಳು ನಾನೇ. ಆದರೆ ಅವಳಿಗೆ ಆಗಿರೋ ಅನ್ಯಾಯ ನೆನೆಸ್ಕೊಂಡ್ರೆ ಮೈಯೆಲ್ಲಾ ಉರಿಯುತ್ತೆ.

ನನ್ನ ಸೊಸೆ ಶಾಲೆಯಲ್ಲಿ ಸ್ಪೀಚ್ ಥೆರಪಿ ಸಹಾಯಕಿ. ತೊದಲೋ ಮಕ್ಕಳಿಗೆ, ಮಾತೇ ಹೊರಡದ ಮಕ್ಕಳಿಗೆ ಮಾತು ಕಲಿಸೋ ಕೆಲಸ. ಮೆಟ್ಟಿಲ ಕೆಳಗೊಂದು ಪುಟ್ಟ ಕೋಣೆ, ಚಾಪೆ, ಗೋಡೆಗೆ ಒರಗಿಸಿದ ಕನ್ನಡಿ, ಊದೋಕೆ ಪೀಪಿ, ಸೋಪಿನ ಗುಳ್ಳೆ. ಅವಳ ಮೇಲೆ ಒಬ್ಬ ಥೆರಪಿಸ್ಟ್ ಮೇಡಂ. ಆಕೆ ಆಗಾಗ ಬಂದು ಪಕ್ಕದಲ್ಲಿ ಕೂತು, ಇವಳು ಹೇಗೆ ಕಲಿಸ್ತಾಳೆ ಅಂತ ನೋಡಬೇಕು. ನೋಡಿದೀನಿ ಅಂತ ಆಕೆ ಹೇಳಿದ್ರೇನೇ ಇವಳ ಲೈಸೆನ್ಸ್ ಮುಂದುವರಿಯೋದು. ಲೈಸೆನ್ಸ್ ಇಲ್ಲ ಅಂದ್ರೆ ಆ ಕೋಣೆಗೆ ಕಾಲಿಡೋ ಹಾಗಿಲ್ಲ.

ಅಲ್ಲಿಗೆ ಬರೋ ಮಕ್ಕಳಲ್ಲಿ ಒಬ್ಬಳನ್ನ ನಾವು ಗುಬ್ಬಿ ಅಂತೀವಿ. ಮನೆಯವರನ್ನ ಬಿಟ್ರೆ ಯಾರ ಮುಂದೆಯೂ ತುಟಿ ಬಿಚ್ಚದ ಹುಡುಗಿ. ತಿಂಗಳುಗಟ್ಟಲೆ ಪಕ್ಕದಲ್ಲಿ ಸುಮ್ನೆ ಗುಳ್ಳೆ ಊದ್ತಾ ಕೂತು, ಸೊಸೆ ಅವಳ ಬಾಯಿಂದ "ಇನ್ನೊಂದು" ಅನ್ನಿಸಿದ್ಲು. ಅವತ್ತು ಚಪ್ಪಲಿ ಕೂಡ ಬಿಡದೆ ಒಳಗೆ ನುಗ್ಗಿ, "ಅತ್ತೆ, ಮಾತಾಡಿದ್ಲು!" ಅಂತ ಕುಣಿದುಬಿಟ್ಲು. ಆದರೆ ಮೂರನೆಯವರು ಬಂದ್ರೆ ಗುಬ್ಬಿ ಬಾಯಿಗೆ ಬೀಗ. ಅದಕ್ಕೇ ಸೊಸೆ, "ಮೇಡಂ, ಈ ಮಗು ಇರೋವಾಗ ದಯವಿಟ್ಟು ಹೊರಗೇ ಇರ್ತೀರಾ?" ಅಂತ ಕೇಳಿದ್ಲು. ಮೇಡಂಗೆ ಹಾಲು ಕುಡಿದಷ್ಟು ಸಂತೋಷ. ಆಮೇಲೆ ಯಾವ ಮಗು ಇದ್ರೂ ಅಷ್ಟೇ, ಬಾಗಿಲಲ್ಲಿ ತಲೆ ಹಾಕಿ "ಎಲ್ಲಾ ಸರಿಯಾಗಿದ್ಯಾ?" ಅನ್ನೋದು, ಕಾರು ಹತ್ತೋದು.

ಲೈಸೆನ್ಸ್ ರಿನ್ಯೂ ಮಾಡಿಸೋ ಹೊತ್ತಿಗೆ ಅಧಿಕಾರಿ ಇಬ್ಬರನ್ನೂ ಕರೆಸಿ, ಮೇಡಂ ಯಾಕೆ ಕೂತು ನೋಡಿಲ್ಲ ಅಂತ ಕೇಳಿದ್ರು. ಆ ಮಹಾತಾಯಿ ಏನಂದ್ಲು ಗೊತ್ತಾ? "ನಾನೇನ್ಮಾಡ್ಲಿ ಸಾರ್, ಇವರೇ ನನ್ನ ಒಳಗೆ ಬಿಡ್ತಿರಲಿಲ್ಲ." ಥೂ! ನಾಲಿಗೆನಾ ಅದು? ಸೊಸೆ ಬಿಡಿಸಿ ಹೇಳೋಕೆ ಹೋದ್ರೆ, "ಹೊರಗಿರಿ ಅಂದಿದ್ದು ಹೌದಾ ಅಲ್ವಾ, ಅಷ್ಟು ಹೇಳಿ" ಅಂತ ಅಧಿಕಾರಿ ಬಾಯಿ ಮುಚ್ಚಿಸಿದ್ರಂತೆ. ಒಂದು ವರ್ಷ ಬರೀ ತಾತ್ಕಾಲಿಕ ಅನುಮತಿ, ಪ್ರತಿ ಪಾಠದಲ್ಲೂ ಮೇಡಂ ಒಳಗೇ ಕೂರಬೇಕು, ಆಮೇಲೆ ಲೈಸೆನ್ಸ್ ಅಂತ ತೀರ್ಮಾನ ಆಯ್ತು.

ಕೂತ್ಲು. ಕುರ್ಚಿ ಹಾಕ್ಕೊಂಡು, ಕಾಲ ಮೇಲೆ ಕಾಲು ಹಾಕಿ, ಮೊಬೈಲ್ ನೋಡ್ತಾ. ಗುಬ್ಬಿ ಮೊದಲ ದಿನವೇ ಬಾಯಿ ಮುಚ್ಚಿದ್ದು ಮತ್ತೆ ತೆರೀಲಿಲ್ಲ. "ಈ ಮಗು ಬಂದಾಗಲಾದ್ರೂ ಸ್ವಲ್ಪ ಆಚೆ ಇರಿ" ಅಂತ ಸೊಸೆ ಗೋಗರೆದ್ರೆ, "ಮತ್ತೆ ಆಚೆ ಕಳಿಸ್ತೀಯಾ? ನಿಯಮ ಅಂದ್ರೆ ನಿಯಮಾನೇ ಕಣಮ್ಮಾ" ಅಂದ್ಲಂತೆ. ಅಲ್ಲಾ, ಇಷ್ಟು ದಿನ ಆ ನಿಯಮ ಎಲ್ಲಿ ಹೊದ್ಕೊಂಡು ಮಲಗಿತ್ತು? ಶಾಲೆ ಗೇಟಲ್ಲೇ ಆಕೆಯ ನೀರಿಳಿಸ್ತೀನಿ ಅಂತ ನಾನು ಹೊರಟೇಬಿಟ್ಟಿದ್ದೆ. "ಬೇಡ ಅತ್ತೆ, ನಿಮ್ಮ ದಮ್ಮಯ್ಯ. ಲೈಸೆನ್ಸ್ ಬಂದ ಮರುದಿನವೇ ನಾವಿಬ್ಬರೇ ಕೂರ್ತೀವಿ" ಅಂತ ತಡೆದ್ಲು. ಹಲ್ಲು ಕಚ್ಕೊಂಡು ಸುಮ್ಮನಾದೆ.

ನಿನ್ನೆ ಲೈಸೆನ್ಸ್ ಬಂತು. ಅದನ್ನ ತಂದು ಮೇಜಿನ ಮೇಲಿಟ್ಲು.

"ಇನ್ನೇನು, ನಾಳೆಯಿಂದ ನೀನು, ಗುಬ್ಬಿ ಇಬ್ಬರೇ ಅಲ್ವಾ?" ಅಂದೆ.

"ಇಲ್ಲ ಅತ್ತೆ. ವರ್ಷಪೂರ್ತಿ ಒಂದು ಮಾತೂ ಬರಲಿಲ್ಲ, ಇಲ್ಲಿ ಕಲಿಸೋದು ಅಷ್ಟರಲ್ಲೇ ಇದೆ ಅಂತ ಅವಳಪ್ಪ ಶಾಲೆ ಬಿಡಿಸಿದ್ರು."