ಗೋಡೆಯಾಚೆ ನಿಲ್ಲದ ವಿಡಿಯೊ

ಮುದ್ದೇಬಿಹಾಳದ ಮೈದಾನದಲ್ಲಿ ನನ್ನ ತಮ್ಮ ಕಬಡ್ಡಿ ಆಡುತ್ತಿದ್ದ ಸಂಜೆಯೇ ಇಂಡಿ ಊರಿನ ನಮ್ಮ ಮನೆಯಲ್ಲಿ ನನ್ನ ಗಂಡ ಸ್ವಂತ ತಮ್ಮನ ಕಿವಿತಮಟೆ ಹರಿಯುವಂತೆ ಹೊಡೆದರು. ಇದನ್ನು ಮೆತ್ತಗೆ ಹೇಳಲು ಎಷ್ಟೋ ಸಲ ನೋಡಿದ್ದೇನೆ. ಆಗುವುದಿಲ್ಲ.

ನಮ್ಮದು ಒಂದೇ ಮನೆ, ಎರಡು ಒಲೆ. ಬೀದಿಯ ಕಡೆ ನಾವಿಬ್ಬರು, ಹಿತ್ತಲ ಕಡೆ ಮೈದುನ, ಅವನ ಹೆಂಡತಿ, ಇಬ್ಬರು ಮಕ್ಕಳು. ನಡುವಿನ ಕೋಣೆಯಲ್ಲಿ ಅತ್ತೆ. ಇಂಟರ್ನೆಟ್ ಮಾತ್ರ ಅಣ್ಣತಮ್ಮಂದಿರು ಕೂಡಿ ಹಾಕಿಸಿಕೊಂಡಿದ್ದರು. ಕಂಬ ಹಿಂದಿನ ಓಣಿಯಲ್ಲಿದ್ದುದರಿಂದ ವೈರು ಹಿತ್ತಲಿನಿಂದ ಬಂದು, ರೂಟರ್ ಮೈದುನನ ಕಡೆಯ ಗೋಡೆಯಲ್ಲೇ ಕೂತಿತು. ಮೊದಲ ವರ್ಷ ಯಾವ ತಕರಾರೂ ಇರಲಿಲ್ಲ. ನಾನು ಲಚ್ಯಾಣದ ಶಾಲೆಯಿಂದ ಪಾಠ ಮುಗಿಸಿ ಬರುವ ಹೊತ್ತಿಗೆ ನನ್ನ ಗಂಡ ಟಿವಿಯಲ್ಲಿ ಕುಸ್ತಿ ನೋಡುತ್ತಿರುತ್ತಿದ್ದರು.

ಆ ವರ್ಷ ಸುಗ್ಗಿ ಮುಗಿದು ಬೇಸಿಗೆ ಶುರುವಾಗುವ ಹೊತ್ತಿಗೆ ನಮ್ಮ ಕಡೆ ವಿಡಿಯೊ ನಿಲ್ಲತೊಡಗಿತು. ಪೈಲ್ವಾನ ಎದುರಾಳಿಯನ್ನು ಎತ್ತಿ ಹಿಡಿದಿದ್ದಾನೆ, ಕೆಳಗೆ ಒಗೆಯುವುದಿಲ್ಲ. ನಡುವೆ ಬಿಳಿ ಚಕ್ರ ತಿರುಗುತ್ತದೆ. ರೂಟರ್ ಆರಿಸಿ ಹಚ್ಚಿದೆವು. ಚಿತ್ರದ ಗುಣಮಟ್ಟ ಇಳಿಸಿದೆವು. ಮುಖಗಳು ಕಲಸಿದ ಹಿಟ್ಟಿನಂತಾದವು, ಚಕ್ರ ನಿಲ್ಲಲಿಲ್ಲ. ಕಂಪನಿಗೆ ಫೋನ್ ಮಾಡಿದರೆ ಆ ಕಡೆಯ ದನಿ, "ಲೈನ್ ಬರೋಬ್ಬರಿ ಐತ್ರಿ. ಮನ್ಯಾಗ ಯಾರರ ಭಾಳ ವಿಡಿಯೊ ನೋಡಾಕತ್ತಾರೇನು, ಸ್ವಲ್ಪ ನೋಡ್ರಿ" ಅಂದಿತು.

ಆ ಮಾತು ನನ್ನ ಗಂಡನ ತಲೆಯಲ್ಲಿ ಮುಳ್ಳಿನಂತೆ ಮುರಿದುಕೊಂಡು ಉಳಿಯಿತು. ಯಾಕೆಂದರೆ ನಮ್ಮ ಚಿತ್ರ ನಿಂತಾಗಲೆಲ್ಲ ಗೋಡೆಯಾಚೆ ಮೈದುನನ ಮಕ್ಕಳು ನೋಡುವ ಹಾಡು, ನಗು, ಡಿಶುಂ ಡಿಶುಂ ಒಂದು ಕ್ಷಣವೂ ತಡೆಯದೆ ಕೇಳುತ್ತಿತ್ತು.

"ಅವ ಏನೋ ಮಾಡ್ಯಾನ," ಅನ್ನುತ್ತಿದ್ದರು ಹಲ್ಲು ಕಡಿದು. "ನಮಗ ಬಿಡವಲ್ಲ."

"ಕೇಳಿ ನೋಡ್ರಿ ಒಮ್ಮೆ," ಅಂದರೆ, "ಸಣ್ಣವನ ಮುಂದ ನಾ ಬೇಡಾಕ ಹೋಗಬೇಕೇನು?" ಅನ್ನುತ್ತಿದ್ದರು.

ಪಂದ್ಯದ ದಿನ ನನ್ನ ಅಪ್ಪ ಮಸೂತಿ ಊರಿನಿಂದ ಬಂದಿದ್ದ. ಮಗ ಫೈನಲ್ ಆಡುವುದನ್ನು ಅಳಿಯನ ದೊಡ್ಡ ಟಿವಿಯಲ್ಲಿ ನೋಡಬೇಕೆಂದು ಇಸ್ತ್ರಿ ಮಾಡಿದ ಧೋತರ ಉಟ್ಟು ಬಂದಿದ್ದ. ಮುದ್ದೇಬಿಹಾಳದವರು ಪಂದ್ಯವನ್ನು ಮೊಬೈಲಿನಿಂದಲೇ ನೇರ ತೋರಿಸುತ್ತಿದ್ದರು. ಕೊನೆಯ ಗಳಿಗೆ. ಎರಡೂ ಕಡೆ ಅಂಕ ಸಮ. ನನ್ನ ತಮ್ಮ ತೊಡೆ ತಟ್ಟಿ ಗೆರೆ ದಾಟಿದ. ನಾಲ್ವರು ಅವನ ಮೇಲೆ ಬಿದ್ದು ಕಾಲು ಬಿಗಿಹಿಡಿದರು. ಚಕ್ರ ತಿರುಗಿತು.

ಅಪ್ಪ ನಿಂತ ಚಿತ್ರವನ್ನೇ ನೋಡುತ್ತ, "ಇರಲಿ ಬಿಡು, ಫೋನ್ ಮಾಡಿ ಕೇಳಿದ್ರಾತು," ಅಂದ. ಆಗ ಗೋಡೆಯಾಚೆ ಮಕ್ಕಳು ಗೊಳ್ಳೆಂದು ನಕ್ಕರು. ಯಾವುದೋ ವಿಡಿಯೊ ನೋಡಿ ನಕ್ಕಿರಬೇಕು. ನನ್ನ ಗಂಡನಿಗೆ ಅದು ಮಾವನ ಎದುರು ತನ್ನನ್ನೇ ನೋಡಿ ನಕ್ಕಂತೆ ಕೇಳಿತು.

ಅಪ್ಪನಿಗೆ ನೀರು ಕೊಟ್ಟಿದ್ದ ಹಿತ್ತಾಳೆ ತಂಬಿಗೆ ಅಲ್ಲಿತ್ತು. ಅದನ್ನು ತೆಗೆದು ಟಿವಿಗೆ ಒಗೆದರು. ಗಾಜು ಜೇಡನ ಬಲೆಯಂತೆ ಸೀಳಿ ಕಪ್ಪಾಯಿತು. ಅದೇ ತಂಬಿಗೆ ಹೆಕ್ಕಿಕೊಂಡು ಒಳಗೆ ನಡೆದರು. ನಾನು ಅಂಗಿ ಹಿಡಿದು ಜಗ್ಗಿದೆ; ಅಂಗಿ ಹರಿದು ನನ್ನ ಕೈಯಲ್ಲಿ ಉಳಿಯಿತು.

ಮೈದುನ ಊಟಕ್ಕೆ ಕೂತಿದ್ದ. ರೊಟ್ಟಿ ಮುರಿಯುತ್ತ ತಲೆಯೆತ್ತಿ, "ಬಾ ಅಣ್ಣಾ, ಉಣ್ಣು ಬಾ," ಅಂದ. ಆ ಮಾತು ಮುಗಿಯುವಷ್ಟರಲ್ಲಿ ಪೆಟ್ಟು ಬಿತ್ತು. ತಂಬಿಗೆ ಎಡಗಿವಿಗೆ ಬಡಿದ ಸದ್ದು ಇವತ್ತಿಗೂ ನನ್ನ ಹಲ್ಲಿನಲ್ಲಿ ಇದೆ. ಅವನು ತಾಟಿನ ಮೇಲೆ ಬಿದ್ದ, ಪಲ್ಯದೊಳಗೆ ರಕ್ತ ಬೆರೆಯಿತು. ನನ್ನ ಗಂಡ ಅವನ ಎದೆಯ ಮೇಲೆ ಕೂತು ಮುಷ್ಟಿಯಿಂದ ಗುದ್ದತೊಡಗಿದರು. ಕೆಳಗಿದ್ದವನು ಅಣ್ಣನ ಹೆಬ್ಬೆರಳನ್ನು ಎಲುಬು ತಾಗುವವರೆಗೆ ಕಚ್ಚಿದ. ಮಕ್ಕಳು ಮೂಲೆಗೆ ಅಂಟಿಕೊಂಡು ಚೀರುತ್ತಿದ್ದರೆ, ಅವರ ಕೈಯಿಂದ ಬಿದ್ದ ಫೋನಿನಲ್ಲಿ ವಿಡಿಯೊ ಹಾಗೇ ಓಡುತ್ತಿತ್ತು. ಅತ್ತೆ ಇಬ್ಬರ ನಡುವೆ ಬಿದ್ದು, ಮೊಣಕೈ ಏಟು ತಿಂದು ತುಟಿ ಒಡೆದುಕೊಂಡರು. ಅಪ್ಪ ಹಿಂದಿನಿಂದ ಅಳಿಯನ ಕೊರಳಿಗೆ ತನ್ನ ಟವಲು ಹಾಕಿ ದನ ಎಳೆದಂತೆ ಎಳೆದಮೇಲೆಯೇ ಬಿಟ್ಟದ್ದು.

ಆಸ್ಪತ್ರೆಯಲ್ಲಿ ಡಾಕ್ಟರು ಕೇಳಿದಾಗ ಮೈದುನ, "ಬಾಗಲಾ ಬಡೀತ್ರಿ," ಅಂದ.

ಪಕ್ಕದಲ್ಲಿದ್ದ ಅವನ ಹೆಂಡತಿ, ನನ್ನ ನೆಗೆಣ್ಣಿ, ಗಂಡನ ರಕ್ತ ಇನ್ನೂ ಸೀರೆಯಲ್ಲಿರುವಾಗಲೇ, "ಬಾಗಲಕ್ಕ ಕೈ ಬಂದಾವೇನು?" ಅಂದಳು. ಅವನು ಮತ್ತೆ ಬಾಗಿಲೇ ಅಂದ. ಪೊಲೀಸರ ಎದುರೂ ಅದನ್ನೇ ಹೇಳಿದ. ಕಿವಿಗೆ ವಿಜಯಪುರದ ದೊಡ್ಡ ಆಸ್ಪತ್ರೆಗೆ ಹೋಗಲು ಹೇಳಿದರು. ಬೆಳಗಾಗುತ್ತಲೇ ಮಕ್ಕಳು, ಅತ್ತೆ ಸಮೇತ ಅವರೆಲ್ಲ ಹೊರಟುಹೋದರು. ಅಪ್ಪ ನನ್ನ ಮುಖ ನೋಡದೆ ಬಸವನ ಬಾಗೇವಾಡಿಯ ಬಸ್ಸು ಹತ್ತಿದ.

ಮನೆ ಖಾಲಿಯಾಯಿತು. ಮಧ್ಯಾಹ್ನ ತಮ್ಮ ತನ್ನ ಪಂದ್ಯದ ವಿಡಿಯೊ ಕಳಿಸಿದ. ಅವನಿಗೆ ಏನೂ ಗೊತ್ತಿರಲಿಲ್ಲ. ಒಡೆದ ಟಿವಿಯ ಮುಂದೆ ಕೂತು ಮೊಬೈಲಿನಲ್ಲಿ ತೆರೆದೆ. ಅವನು ತೊಡೆ ತಟ್ಟಿದ. ಚಕ್ರ ತಿರುಗಿತು.

ಗೋಡೆಯಾಚೆ ಯಾರೂ ಇರಲಿಲ್ಲ. ಒಂದು ಫೋನೂ ಇರಲಿಲ್ಲ. ಆದರೂ ಚಕ್ರ ತಿರುಗುತ್ತಿತ್ತು.

ಫೋನು ಹಿಡಿದುಕೊಂಡು ಒಳಗೆ ಹೋದೆ. ಅತ್ತೆಯ ಕೋಣೆ ದಾಟಿ ರೂಟರ್ ಎದುರು ನಿಂತೆ. ವಿಡಿಯೊ ಸರಾಗ ಓಡಿತು. ನನ್ನ ತಮ್ಮ ನಾಲ್ವರನ್ನೂ ಎಳೆದುಕೊಂಡು ಗೆರೆ ಮುಟ್ಟಿದ. ಹಿಂದಕ್ಕೆ ಬಂದೆ, ನಮ್ಮ ಬಾಗಿಲ ಬಳಿ ವಿಡಿಯೊ ನಿಂತಿತು. ಮುಂದೆ ಹೋದೆ, ಓಡಿತು. ಹೋಗುವುದು ಬರುವುದು ಮಾಡುವಾಗ ಪ್ರತಿಸಲ ನನ್ನ ಭುಜಕ್ಕೆ ತಾಗುತ್ತಿದ್ದದ್ದು ಅತ್ತೆಯ ಕೋಣೆಯಲ್ಲಿದ್ದ ತಗಡಿನ ಕಣಜ. ಆಳೆತ್ತರದ್ದು, ಜೋಳ ತುಂಬಿದ್ದು. ಸುಗ್ಗಿಯ ನಂತರ ಅಣ್ಣತಮ್ಮಂದಿರಿಬ್ಬರೇ ಹೊತ್ತು ತಂದು, ನಗಾಡುತ್ತ, ಬೈದಾಡುತ್ತ ಅಲ್ಲಿ ನಿಲ್ಲಿಸಿದ್ದರು. ನಮ್ಮ ಕೋಣೆಗೂ ರೂಟರಿಗೂ ನಡುವೆ ವೈಫೈಗೆ ಅಡ್ಡಗೋಡೆಯಂತೆ ನಿಂತಿತ್ತು ಆ ತಗಡು.

ನನ್ನ ಗಂಡನನ್ನು ಕರೆದು ಕಣಜದ ಎರಡೂ ಕಡೆ ನಿಲ್ಲಿಸಿ ತೋರಿಸಿದೆ. ಬ್ಯಾಂಡೇಜು ಕಟ್ಟಿದ ಕೈಯಿಂದಲೇ ಕಣಜಕ್ಕೆ ಭುಜ ಕೊಟ್ಟು ನೂಕಿದರು, ಅಲುಗಲಿಲ್ಲ. ಮತ್ತೆ ನೂಕಿದರು. ಆಮೇಲೆ ಹಣೆಯನ್ನು ತಗಡಿಗೆ ಬಡಿಯತೊಡಗಿದರು. ಧಡ್, ಧಡ್ ಎಂದು ಮನೆಯೆಲ್ಲ ಕೇಳುತ್ತಿತ್ತು. ನಾನು ನಡುವೆ ಕೈಯಿಟ್ಟೆ. ನನ್ನ ಬೆರಳುಗಳು ಜಜ್ಜಿದ ಮೇಲೆ ನಿಲ್ಲಿಸಿದರು. ತಗಡಿನ ಮೇಲೆ ರಕ್ತದ ಕಲೆಯಾಗಿತ್ತು. ಸಂಜೆ ಇಬ್ಬರೂ ಜೋಳವನ್ನು ಚೀಲಕ್ಕೆ ತುಂಬಿ, ಕಣಜವನ್ನು ಹೊರಗಿನ ಪಡಸಾಲೆಗೆ ಉರುಳಿಸಿದೆವು. ವಿಡಿಯೊ ಆಮೇಲೆ ನಿಲ್ಲಲಿಲ್ಲ. ನೋಡುವವರು ಇರಲಿಲ್ಲ.

ಮೈದುನ ವಾಪಸು ಬಂದಾಗ ನಾನೇ ಹೋಗಿ ಕಣಜದ ವಿಷಯ ಹೇಳಿದೆ. ಹತ್ತಿ ತುರುಕಿದ ಕಿವಿಯ ಮೇಲೆ ಕೈಯಿಟ್ಟುಕೊಂಡು ಕೇಳಿದ.

"ಕಣಜ ಸರಿಸಿದ್ರ ಕಿವಿ ಕೇಳತೈತೇನು, ವೈನಿ?"

ಕೇಳಲಿಲ್ಲ. ಎಡಗಿವಿ ಹೋಯಿತು. ನೆಗೆಣ್ಣಿ ನಡುವಿನ ಬಾಗಿಲನ್ನು ಇಟ್ಟಿಗೆಯಿಂದ ಮುಚ್ಚಿಸಿದಳು. ಗೌಂಡಿ ಸಿಮೆಂಟಿನ ಗಿಲಾವು ಮಾಡಿ ಮುಗಿಸುವವರೆಗೂ ಎದುರು ನಿಂತಿದ್ದಳು. ನನ್ನ ಜೊತೆ ಅವಳು ಈಗಲೂ ಮಾತಾಡುವುದಿಲ್ಲ.

ಮಳೆಗಾಲದಲ್ಲಿ ಒಂದು ಬೆಳಗ್ಗೆ ಮೈದುನ ಅಂಗಳದಲ್ಲಿ ಎತ್ತಿಗೆ ನೀರು ಕುಡಿಸುತ್ತಿದ್ದ. ನನ್ನ ಗಂಡ ಹೋಗಿ ಅವನ ಎಡಕ್ಕೆ ನಿಂತು, "ತಮ್ಮಾ," ಅಂದರು. ಅವನು ತಿರುಗಲಿಲ್ಲ. ಎತ್ತನ್ನು ಸುತ್ತುಹಾಕಿ ಬಲಕ್ಕೆ ಹೋಗಿ ಮತ್ತೆ ಕರೆದರು.

"ಏನು?"

"ಬಿತ್ತಾಕ ಹೊಂಟೇನಿ. ಬರ್ತೀಯೇನು?"

ಅವನು ಬಕೆಟ್ಟು ಕೆಳಗಿಟ್ಟು ಅಣ್ಣನ ಹಣೆಯ ಗಾಯದ ಗುರುತು ನೋಡಿದ.

"ನೀ ನಡಿ," ಅಂದ. "ಎತ್ತು ಹೊಡಕೊಂಡು ಹಿಂದ ಬರ್ತೇನಿ."